ಕಳೆ

ಹತ್ತೊಂಬತ್ತು ವರ್ಷ ಇದೇ ಕೈಯಲ್ಲಿ ಕಿತ್ತಿದ್ದೇನೆ ತುಂಬೆಯನ್ನು,
ಅರಸೀಕೆರೆಯ ಚರಂಡಿ ಬದಿಗಳಲ್ಲಿ,
ಹಳೇ ನೀರಿನ ಟ್ಯಾಂಕಿನ ಬುಡದಲ್ಲಿ, ಗ್ರಂಥಾಲಯದ ಹಿಂದೆ.
ಹಾಜರಿ ಪುಸ್ತಕದಲ್ಲಿ ನನ್ನ ಹೆಬ್ಬೆಟ್ಟಿನ ಮುಂದೆ
ಮೇಸ್ತ್ರಿ ಬರೆಯುತ್ತಿದ್ದುದು ಒಂದೇ ಮಾತು: ಕಳೆ.
ನನಗೆ ಓದಲು ಬರುವ ಎರಡೇ ಅಕ್ಷರ.

ಹೋದ ವರ್ಷ ಅದೇ ಮೇಸ್ತ್ರಿ ತಲೆ ಕೆರೆದುಕೊಂಡು ಬಂದ.
"ದ್ಯಾವೀರಮ್ಮ, ತುಂಬೆ ಗಿಡ ಎಲ್ಲಿ ಸಿಗುತ್ತೆ?"
ನಾಲ್ಕು ದಿನ ನನಗೆ ರಜೆ ಕೊಟ್ಟು ನೋಡು,
ನಿನ್ನ ಆಫೀಸಿನ ಮೆಟ್ಟಿಲ ಸಂದಿಯಲ್ಲೇ ಸಿಗುತ್ತೆ ಅಂದೆ.

ಗ್ರಂಥಾಲಯದ ಫರ್ಜಾನಾ ಮೇಡಂ ಆಸೆ ಅದು.
ಕಸ ಸುರಿಯುವ ಜಾಗದಲ್ಲಿ ಚಿಟ್ಟೆಗೆ, ಜೇನಿಗೆ ಒಂದು ತೋಟ,
ಗಿಡ ಮಾತ್ರ ಈ ನೆಲದ್ದೇ ಆಗಬೇಕು.
ನರ್ಸರಿಯವನು ತಂದಿಳಿಸಿದ್ದೆಲ್ಲ ಮದುವೆ ಮನೆಯ ಪ್ಲಾಸ್ಟಿಕ್ ಹಾರ,
ಬಣ್ಣವೇ ಬಣ್ಣ, ಒಂದು ದುಂಬಿ ತಿರುಗಿ ನೋಡಲಿಲ್ಲ.
ಆಮೇಲೆ ನನ್ನನ್ನು ಕೇಳಿದರು.
ಕಿತ್ತವಳಿಗೆ ಗೊತ್ತಿರುತ್ತದಲ್ಲ, ಎಲ್ಲೆಲ್ಲಿ ಏನೇನು ಬೇರು ಬಿಟ್ಟಿದೆ ಅಂತ.

ಮಾಲೇಕಲ್ಲು ದಾರಿಯಿಂದ ಆವರಿಕೆ ಬೀಜ ಸೆರಗಲ್ಲಿ ಬಂತು.
ರೈಲು ಹಳಿ ಪಕ್ಕದಿಂದ ಲಕ್ಕಿ;
ಅಪ್ಪ ಅದರಲ್ಲೇ ಬುಟ್ಟಿ ಹೆಣೆಯುತ್ತಿದ್ದ, ಹೂವು ನೋಡಿದ್ದು ನಾನೇ ಮೊದಲು.
ಗೋರಂಟೆಯನ್ನು ಎರಡು ಸಲ ಆಡು ಮೇಯ್ದು ಹೋಯಿತು.
ಮೂರನೇ ಸಲಕ್ಕೆ ಆಡಿನವಳ ಹತ್ತಿರವೇ ನೀರು ಹುಯ್ಯಿಸಿದೆ.

ಇಂಜಿನಿಯರ್ ಪೂರ್ತಿ ಟೈಲ್ಸ್ ಹಾಸುತ್ತೇನೆ ಅಂದ.
ಮೂಲೆಯಲ್ಲಿ ಒಂದು ಮಾರು ಬರೀ ಮಣ್ಣು ಬಿಡಿ ಎಂದು ಮೇಡಂ ಹಟ ಹಿಡಿದರು.
ನೆಲ ತೋಡಿ ಬದುಕುವ ಜೇನೂ ಉಂಟಂತೆ.
ರಾಣಿಯಿಲ್ಲ, ಹಿಂಡಿಲ್ಲ,
ಅಗೆಯುವವಳೂ ಅವಳೇ, ಹೆರುವವಳೂ ಅವಳೇ.
ನಾನೇನೂ ಮಾತಾಡಲಿಲ್ಲ. ಸಲಿಕೆ ಪಕ್ಕಕ್ಕಿಟ್ಟೆ.

ಶ್ರಾವಣದಲ್ಲಿ ಈಶ್ವರಿ ಬಳ್ಳಿಗೆ ಹುಳ ಬಿತ್ತು,
ಕರಿ ಮೈ, ಕೆಂಪು ಕೊಂಬು.
ಬೆಳಗಿನ ವಾಕಿಂಗಿನ ರುದ್ರಮುನಿ ಮೇಷ್ಟ್ರು ಕೋಲು ತೋರಿಸಿ,
"ಔಷಧಿ ಹೊಡೀರಿ, ಎಲೆಯೆಲ್ಲ ಹೋಯ್ತು" ಅಂದರು.
ಸಾರ್, ನೆಟ್ಟಿದ್ದೇ ತಿನ್ನಲಿ ಅಂತ.
ಕರೆದು ಎಲೆ ಹಾಕಿ, ಉಂಡರೆ ಬೈಯೋದೇ?
ಈಗ ದಿನವೂ ಅವರೇ ಬಗ್ಗಿ ಎಣಿಸುತ್ತಾರೆ.
ನಿನ್ನೆ ಹನ್ನೊಂದಿತ್ತು, ಇವತ್ತು ಏಳು, ಉಳಿದ ನಾಲ್ಕು ಎಲ್ಲಿ
ಎಂದು ನನ್ನನ್ನೇ ಕೇಳುತ್ತಾರೆ, ನಾನೇ ಕದ್ದ ಹಾಗೆ.
ಗೂಡು ಕಟ್ಟಲು ಹೋದವೋ, ಕಣಜ ಹೊತ್ತೊಯ್ಯಿತೋ.

"ಊರಿಗೆ ಒಂದು ಕಳೆ ಬಂತು ದ್ಯಾವೀರಮ್ಮ" ಅಂತ ಮೇಡಂ.
ಕಳೆ ತಾನೇ, ಬೇಡ ಅಂದರೂ ಬರುತ್ತೆ ಅಂದೆ.

ಹಾಜರಿ ಪುಸ್ತಕದಲ್ಲಿ ಇವತ್ತಿಗೂ ಅದೇ ಎರಡಕ್ಷರ.
ಕೈಯೂ ಅದೇ. ಒಣಗಿದ ಕಡ್ಡಿ ಕಂಡರೆ ಬೆರಳು ತಾನಾಗಿ ಹೋಗುತ್ತದೆ.
ಮೊನ್ನೆ ಸಂಜೆ ಹಾಗೇ ಹೋಯಿತು.
ಹುಬ್ಬಳ್ಳಿ ಗಾಡಿ ಕೂಗಿದ ಹೊತ್ತು, ಇನ್ನೂ ಸ್ವಲ್ಪ ಬೆಳಕು.
ತುಂಬೆಯ ಒಣಕಡ್ಡಿಯ ಮೇಲೆ ಸಾಲಾಗಿ ಏನೋ ಅಂಟಿತ್ತು,
ಮೈಮೇಲೆ ನೀಲಿ ಪಟ್ಟೆ.
ಮಣ್ಣಿನ ಮನೆಯೊಳಗೆ ಹೆಣ್ಣು, ಹೊರಗುಳಿದ ಗಂಡುಗಳು ಇವು.
ಕಾಲು ಬಿಟ್ಟು, ಬರೀ ಬಾಯಲ್ಲಿ ಕಡ್ಡಿ ಕಚ್ಚಿಕೊಂಡು
ನಿದ್ದೆ ಮಾಡುತ್ತಿದ್ದವು.

ಕೈ ಹಿಂದೆ ತೆಗೆದೆ.
ಎಷ್ಟು ಕಡ್ಡಿ ಕಿತ್ತಿದ್ದೇನೋ ಈ ಊರಲ್ಲಿ,
ಎಷ್ಟರ ಮೇಲೆ ಯಾರು ಮಲಗಿದ್ದರೋ.