ಕಾಲು ಸುತ್ತು

ಬಾಳ್ಳುಪೇಟೆಯ ಗುಜರಿಯವನು ತೂಕಕ್ಕೆ ಹಾಕಿದ.
ಹನ್ನೊಂದು ಕೆಜಿ ಇನ್ನೂರು ಗ್ರಾಂ.
ಮಣ್ಣು ಉದುರಿಸಿ ತೂಗು ಅಂದೆ.
ಮಣ್ಣಲ್ಲ ಸ್ವಾಮಿ, ಮರದ ಹೊಟ್ಟು ಅಂದ.
ಹೊಟ್ಟಿಗೂ ಕಬ್ಬಿಣದ ರೇಟು ಹಿಡಿದ.

ಕೊಟ್ಟೆ. ಇದು ಹದಿನಾರನೆಯದು.
ಲೂನಾ, ಔಷಧಿ ಹೊಡೆಯುವ ಪಂಪು, ಕಳೆ ಮಿಷಿನ್ನು
ಹಗಲಿನ ಅನ್ನ.
ಶಟರ್ ಅರ್ಧ ಇಳಿಸಿದ ಮೇಲೆ
ಹಳೆಯ ಗರಗಸಗಳ ಪಾಳಿ.
ಜಲಜಾಕ್ಷಿ ಕೇಳುತ್ತಾಳೆ,
ಕಡಿಯಲು ನಿಮಗೆ ಮರ ಎಲ್ಲಿದೆ?
ಇರುವುದೊಂದು ಕರಿಬೇವು, ಅದೂ ಪಕ್ಕದವರದು.

ಸೀಮೆಎಣ್ಣೆಗೆ ಹಾಕುವ ಮುಂಚೆ
ಸ್ಪ್ರಾಕೆಟ್ ಹಿಂದಿನ ಮೂಲೆ ಕೆರೆದೆ.
ಎಣ್ಣೆ ಕುಡಿದು ಬಿಗಿದ ಹೊಟ್ಟು
ಚಿರೋಟಿಯ ಹಾಗೆ ಪದರ ಪದರ ಎದ್ದು ಬಂತು:
ಮೇಲೆ ಸಿಲ್ವರ್ ಓಕು, ಸಪ್ಪೆ.
ಅದರಡಿ ಹಲಸು, ಇನ್ನೂ ಹಳದಿ.
ತಳದಲ್ಲಿ ಉಗುರಷ್ಟು ಕಪ್ಪುಗೆಂಪು.
ಮೂಸಿದೆ. ಬೀಟೆ.
ಪರ್ಮಿಟ್ ಇತ್ತೋ ಇಲ್ಲವೋ
ಹೊಟ್ಟು ಹೇಳುವುದಿಲ್ಲ.
ಮೂರನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿದೆ.

ಪಿಸ್ಟನ್ ಹಿಡಿದಿತ್ತು.
ಹದಿನೇಳು ದಿನ ಡೀಸೆಲ್ ಕುಡಿಸಿ
ಮರದ ಸುತ್ತಿಗೆಯಲ್ಲಿ ತಟ್ಟಿದೆ,
ಸಾಲ ತೀರಿಸದವನ ಬಾಗಿಲು ತಟ್ಟಿದಂತೆ,
ಮೆಲ್ಲಗೆ, ಬಿಡದೆ.
ಹದಿನೆಂಟಕ್ಕೆ ಕೂದಲೆಳೆ ಜರುಗಿತು.
ಕಂಡೆನ್ಸರ್ ಯಾವುದೋ ರಾಜದೂತ್‌ನದು.
ಗ್ಯಾಸ್ಕೆಟ್ ಎಲ್ಲೂ ಸಿಗದೆ
ಮದುವೆ ಕಾಗದ ಇಟ್ಟು ಕತ್ತರಿಸಿದೆ;
ವರನ ಹೆಸರು ಕಸಕ್ಕೆ ಬಿತ್ತು,
ಮುಹೂರ್ತ ಕಾರ್ಬುರೇಟರ್ ಒಳಗೆ ಹೋಯಿತು.

ಬಣ್ಣ ಬಳಿಯಲಿಲ್ಲ.
ಹಿಡಿಯ ಮೇಲೆ ಹಳದಿ ಸವೆದು
ಲೋಹ ಹೊಳೆಯುವ ಒಂದು ಜಾಗ,
ಯಾರದೋ ಎಡಗೈಯ ಅಳತೆ,
ದಪ್ಪ ಹೆಬ್ಬೆರಳು.
ಅದನ್ನು ಮುಚ್ಚಲು ಬ್ರಷ್ಷು ಎತ್ತಿ
ಮತ್ತೆ ಡಬ್ಬಿಗೆ ಅದ್ದದೆ ಇಟ್ಟೆ.

ಹಗ್ಗ ಎಳೆದೆ. ಇಪ್ಪತ್ತಾರನೇ ಸಲಕ್ಕೆ
ಕೆಮ್ಮಿ, ಹತ್ತಿಕೊಂಡಿತು.
ಆದರೆ ನಿಲ್ಲದು.
ಆಕ್ಸಿಲೇಟರ್ ಒತ್ತಿದರೆ ರಂಪ, ಬಿಟ್ಟರೆ ಸಾವು.
ತಿರುಪು ಒಳಗೆ, ತಿರುಪು ಹೊರಗೆ,
ವಾರವೇ ಕಳೆಯಿತು.

ಸೈದಾಲಿಕ್ಕ ಬಂದದ್ದು ಅಳಿಯನ ಪಂಪು ಒಯ್ಯಲು.
ಹಾನುಬಾಳು ಕಡೆ ಮೂವತ್ತು ವರ್ಷ ಮರ ಕೆಡವಿದವರು.
ಆಗ ಕಿವಿಗೆ ಹತ್ತಿಯೂ ಇರಲಿಲ್ಲ,
ಈಗ ಗುಡುಗೂ ಇಲ್ಲ.
ಲೆಕ್ಕವನ್ನು ನಾನು ಕೈಸನ್ನೆಯಲ್ಲಿ ಹೇಳಿದರೆ
ಅವರು ಇಡೀ ಪೇಟೆಗೆ ಕೇಳುವಂತೆ ಚೌಕಾಸಿ ಮಾಡುತ್ತಾರೆ.

ಬೆಂಚಿನ ಮೇಲಿದ್ದದ್ದನ್ನು ನೋಡಿ
ಪಂಪು ಕೆಳಗಿಟ್ಟರು.
ಎಳಿ, ಅಂತ ಕೈ ಮಾಡಿದರು.
ಎಳೆದೆ.
ಟ್ಯಾಂಕಿನ ಮೇಲೆ ಅಂಗೈ ಊರಿದರು,
ಎಮ್ಮೆಯ ಹೊಟ್ಟೆ ಮುಟ್ಟಿ ತಿಂಗಳು ಹೇಳುವವರ ಹಾಗೆ.
ಕಣ್ಣು ಮುಚ್ಚಿದರು.
ಆ ಕಾಲದ್ದಕ್ಕೆ ಚಿಟ್ಟೆ ತಿರುಪು, ಎರಡು ಬೆರಳು ಸಾಕು.
ಎಡಕ್ಕೆ ಕಾಲು ಸುತ್ತು.
ಒಂದು ಎಳ್ಳಿನಷ್ಟು ವಾಪಸ್.

ಮಿಷಿನ್ನು ಕೂತಿತು.
ಆಕ್ಸಿಲೇಟರ್ ಬಿಟ್ಟೆ, ಕೂತೇ ಇತ್ತು.
ತಟ್ಟೆಯಲ್ಲಿದ್ದ ನಟ್ಟುಗಳು ಮಾತ್ರ
ಒಂದಕ್ಕೊಂದು ತಾಗುತ್ತ ಸಣ್ಣಗೆ ಅದುರಿದವು.

ಅವರ ಎಡಗೈ ಹಿಡಿಗೆ ಜಾರಿತು,
ಸವೆದ ಜಾಗಕ್ಕೆ.
ನಾನು ಹೆಬ್ಬೆರಳನ್ನೇ ನೋಡಿದೆ.
ಅಳತೆ ಹೊಂದಲಿಲ್ಲ.
ಅದು ಬೇರೆ ಯಾರದೋ.

ಸದ್ದು ಹೇಗಿದೆ? ಅಂತ ಕೂಗಿದರು.
ಹೆಬ್ಬೆರಳು ಎತ್ತಿ ತೋರಿಸಿದೆ.
ಅದು ಸಾಲದು ಎಂಬಂತೆ ನಿಂತರು.
ಗೋಡೆಯಾಚೆ ಮದರಸದಲ್ಲಿ
ಮಕ್ಕಳೆಲ್ಲ ಒಟ್ಟಿಗೆ ಪಾಠ ಒಪ್ಪಿಸುವಾಗ
ಶಬ್ದ ಬಿಡಿಸಿ ಕೇಳದೆ ಬರೀ ಗುನುಗು ಬರುತ್ತದಲ್ಲ,
ಆ ಹಾಗಿದೆ ಅನ್ನಬೇಕಿತ್ತು.
ಅದಕ್ಕೆ ಯಾವ ಸನ್ನೆ?
ಎರಡೂ ಕೈ ಎತ್ತಿ, ಸುಮ್ಮನೆ ಇಳಿಸಿದೆ.

ಪಂಪು ಹೆಗಲಿಗೇರಿಸಿದರು.
ಇಪ್ಪತ್ತು ರೂಪಾಯಿ ಕಡಿಮೆಯೇ ಕೊಟ್ಟರು, ಎಂದಿನಂತೆ.
ರಸ್ತೆ ದಾಟಿದ ಮೇಲೆ ತಿರುಗಿ
ಚೈನು ಮಾತ್ರ ಹಾಕಬೇಡ ಮಾರಾಯ!
ಅಂತ ಅವರು ಕೂಗಿದ್ದಕ್ಕೆ
ಸಕಲೇಶಪುರದ ಬಸ್ಸಿಗೆ ಕಾದಿದ್ದವರೆಲ್ಲ
ನನ್ನ ಅಂಗಡಿಯ ಕಡೆ ನೋಡಿದರು.