ತೆಗೆದು ತೆಗೆದು ನೋಡಬೇಡ

ಮೊದಲು ತಿಳಿಸಿದ್ದು ಒಂದು ಇಂಬಳ.
ಆರು ವರ್ಷದವನ ಹಿಮ್ಮಡಿಗೆ ಕಚ್ಚಿ,
ತುಂಬಿ, ಉದುರಿ ಹೋಯಿತು.
ಉಳಿದವರಿಗೆ ಗಂಟೆ, ಎರಡು ಗಂಟೆ ಜಿನುಗಿ ನಿಲ್ಲುವ ರಕ್ತ
ಇವನಿಗೆ ಮೂರು ದಿನ.
ಸುಣ್ಣ ಹಚ್ಚಿದರು, ಹೊಗೆಸೊಪ್ಪು ಕಟ್ಟಿದರು,
ನಾಲ್ಕನೆಯ ದಿನ ಮೈಸೂರಿನ ಬಸ್ಸು ಹತ್ತಿದರು.

ಈಗ ಉತ್ತಯ್ಯನಿಗೆ ಹದಿನೇಳು.
ಒಕ್ಕಗಳ ಹಾಕಿ ಪಂದ್ಯದಲ್ಲಿ ಗೆರೆಯಾಚೆ ಕೂತು
ಸ್ಕೋರು ಬರೆಯುವವನು.
ಕೆಳದವಡೆಯ ಕೊಳೆತ ಹಲ್ಲೊಂದನ್ನು ಹೊತ್ತು
ವಿರಾಜಪೇಟೆಗೆ, ನನ್ನ ಕುರ್ಚಿಗೆ ಬಂದ.

ತಾಯಿ ಬೊಳ್ಳಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ:
"ನನ್ನ ಅಣ್ಣ ಮಾಚಯ್ಯ. ಗೋಣಿಕೊಪ್ಪದ ಸಂತೆಯಲ್ಲಿ
ಇಕ್ಕಳದವನೊಬ್ಬ ಎಂಟಾಣೆಗೆ ಕಿತ್ತ.
ಮನೆಗೆ ಬಂದ, ಉಂಡ, ಮಲಗಿದ.
ಬೆಳಿಗ್ಗೆ ದಿಂಬು..."
ಅಲ್ಲಿಗೇ ಬಿಟ್ಟರು.
"ನನ್ನಿಂದಲೇ ಅಲ್ಲವಾ ಇವನಿಗೆ ಬಂದದ್ದು?"
ಬಂದದ್ದು ನಿಮ್ಮಿಂದ, ಮಾಡಿದ್ದು ನೀವಲ್ಲ, ಅಂದೆ.
ಅಂದ ಮೇಲೆ ನನಗೇ ಅದು ಪಾಠ ಒಪ್ಪಿಸಿದ ಹಾಗೆ ಕೇಳಿಸಿತು.

ಹಲ್ಲು ಕೀಳಲು ಐದು ನಿಮಿಷ.
ಅದಕ್ಕೆ ಹನ್ನೆರಡು ದಿನ ಫೋನು:
ಮಡಿಕೇರಿಗೆ, ಮೈಸೂರಿಗೆ, ರಕ್ತದ ಡಾಕ್ಟರಿಗೆ.
ಫ್ಯಾಕ್ಟರ್ ಎಂಟು ಇದೆಯಾ, ಎಷ್ಟಿದೆ, ಯಾವ ತಾರೀಖಿನವರೆಗೆ?
ಬೆಳಗಿನ ಬಸ್ಸಿನಲ್ಲಿ ಥರ್ಮೋಕೋಲ್ ಪೆಟ್ಟಿಗೆ ಬಂತು,
ಕಂಡಕ್ಟರನ ತೊಡೆಯ ಮೇಲೆ, ಕೋಳಿಮರಿಯ ಹಾಗೆ.

ಮೊದಲು ತೋಳಿಗೆ ಅದು.
ಆಳದ ಸೂಜಿ ಬೇಡ, ಒಸಡಿನ ಅಂಚಿಗಷ್ಟೇ ಮದ್ದು.
ಆಮೇಲೆ ಇಕ್ಕಳ. ಬಂತು:
ಎರಡು ಬೇರಿನ, ಹಳದಿ, ಇಷ್ಟಕ್ಕಾ ಅನ್ನಿಸುವಂಥದ್ದು.
ಹೊಲಿದು, ಬಟ್ಟೆಯ ಸುರುಳಿ ಇಟ್ಟೆ.
"ಕಚ್ಚಿ ಹಿಡಿ. ತೆಗೆದು ತೆಗೆದು ನೋಡಬೇಡ."
ಏಳು ದಿನ ಬಿಸಿ ಕಾಫಿ ಇಲ್ಲ ಅಂದಾಗ ಮಾತ್ರ
ಅವನ ಕಣ್ಣು ತುಂಬಿತು.

ಬಾಯಲ್ಲಿ ಬಟ್ಟೆ. ಸ್ಕೋರು ಪುಸ್ತಕ ತೆಗೆದು ಬರೆದ:
ಒಂಬತ್ತೂವರೆ, ಕೆಂಪು.
ಹತ್ತು, ಕೆಂಪು.
ಹತ್ತೂವರೆ, ತಿಳಿಗೆಂಪು.
ಹನ್ನೊಂದು. ಪೆನ್ನೆತ್ತಿಕೊಂಡು ಕೂತೇ ಇದ್ದ.
ರಾತ್ರಿ ನರ್ಸ್ ದಿಂಬು ತಂದಳು.
ಬೊಳ್ಳಮ್ಮ ಬೇಡವೆಂದು ತಮ್ಮ ತೋಳು ಚಾಚಿದರು.

ಹೆಪ್ಪು ಸಡಿಲವಾಗುವ ದಿನಗಳೇ ನನಗೆ ಭಯ.
ಐದನೆಯ ದಿನ ತೋಟದ ಅಡ್ಡದಾರಿ ಹಿಡಿದು ಹೋದೆ.
ಟಾರ್ಚು ಬಿಟ್ಟೆ: ಕೂತಿತ್ತು, ಕಪ್ಪಗೆ, ಕದಲದೆ.
ಆಗ ಬೊಳ್ಳಮ್ಮ ನನ್ನ ಪಾದ ತೋರಿಸಿದರು.
ಬೆರಳ ಸಂದಿಯಲ್ಲಿ ಇಂಬಳ, ನೇರಳೆ ಹಣ್ಣಿನಷ್ಟಾಗಿತ್ತು.
ಉಪ್ಪು ಹಾಕಿದರು, ಬಿತ್ತು.
ರಕ್ತ ಇಳಿಯಿತು. ಒರೆಸಿದೆ. ಇಳಿಯಿತು.
ಒರೆಸಿ, ಬಗ್ಗಿ ನೋಡಿದೆ.

ಹುಡುಗ ತನ್ನ ಪೊಟ್ಟಣದಿಂದ ಸುರುಳಿಯೊಂದನ್ನು ತೆಗೆದು
ನನ್ನ ಕೈಗಿಟ್ಟ. ಪುಸ್ತಕ ಬಿಡಿಸಿ ಹೊತ್ತು ಗುರುತು ಹಾಕಿಕೊಂಡ.
"ಒತ್ತಿ ಹಿಡೀರಿ" ಅಂದ, ತುಟಿ ಹೆಚ್ಚು ತೆರೆಯದೆ,
"ತೆಗೆದು ತೆಗೆದು ನೋಡಬೇಡಿ."