ಜೀವಂತ ಪ್ರಮಾಣಪತ್ರ

ಗ್ಲಾಸ್ಗೋ ಆಚೆಯ ಕಚೇರಿ, ಮೂರನೇ ಮಹಡಿ.
ಮುಳುಗಿದ ಸಾಮ್ರಾಜ್ಯದ ಕಡತಗಳಿಗೆ ನಾನು ಕಾವಲು,
ಈಫಿ ಗಾಲ್‌ಬ್ರೇತ್, ಕಿರಿಯ ಗುಮಾಸ್ತೆ.
ಹೀಟರಿನ ಮೇಲೆ ಒದ್ದೆ ಕೈಗವಸು,
ಕಪಾಟಿನಲ್ಲಿ ಹೆಸರು ಕಳಚಿಕೊಂಡ ದೇಶಗಳು:
ಟಾಂಗನಿಕಾ, ನ್ಯಾಸಾಲ್ಯಾಂಡ್, ಗೋಲ್ಡ್ ಕೋಸ್ಟ್.

ಅಲ್ಲಿ ದುಡಿದ ಸಾಹೇಬರ ಪಿಂಚಣಿ
ಮೊದಲು ಆ ದೇಶಗಳೇ ಕೊಡುತ್ತಿದ್ದವು.
ತಮ್ಮನ್ನು ಆಳಿದ್ದಕ್ಕೆ ಸಂಬಳ,
ಆಮೇಲೆ ಆಳಿದವರ ಮುಪ್ಪಿಗೂ ಸಂಬಳ.
ನಿಮ್ಮ ಹೊರೆ, ನೀವೇ ಹೊರಿ ಅಂದರು ಕೊನೆಗೆ.
ನಮ್ಮ ಸರಕಾರ ಹೊತ್ತಿತು.
ಹೊತ್ತದ್ದನ್ನು ಬರೆದುಕೊಂಡಿತು
ಬಡ ದೇಶಗಳ ನೆರವಿನ ಕಾಲಮ್ಮಿನಲ್ಲಿ.
ಅತ್ತೆಯ ಸೊತ್ತು ಅಳಿಯ ದಾನ ಮಾಡಿದ ಅನ್ನೋಣವೆಂದರೆ
ಇಲ್ಲಿ ದಾನವೂ ಅಳಿಯನಿಗೇ.

ವರ್ಷಕ್ಕೊಮ್ಮೆ ನಾನು ಕಳಿಸುವ ಫಾರಂ:
ನೀವಿನ್ನೂ ಬದುಕಿದ್ದೀರಾ? ಸಹಿ ಮಾಡಿ.
ಪಾದ್ರಿಯೋ ಡಾಕ್ಟರೋ ಸಾಕ್ಷಿ ಹಾಕಬೇಕು.

ಬೆಕ್ಸ್‌ಹಿಲ್‌ನಿಂದ ವಿನಿಫ್ರೆಡ್ ಟ್ರೆಡ್‌ಗೋಲ್ಡ್ ಬರೆದರು,
ಸರ್ವೇ ಇಲಾಖೆಯವರ ವಿಧವೆ,
ಎಂಬತ್ತೊಂದು; ಅಕ್ಷರ ಇನ್ನೂ ಸೂಜಿ.
"ಮಗೂ, ನನ್ನ ಪಿಂಚಣಿ ವಿದೇಶೀ ನೆರವಂತೆ, ಪೇಪರಿನಲ್ಲಿತ್ತು.
ಹಾಗಾದರೆ ನಾನೊಂದು ಹಿಂದುಳಿದ ದೇಶ.
ಉತ್ತರಕ್ಕೆ ಬಸ್ ನಿಲ್ದಾಣ, ದಕ್ಷಿಣಕ್ಕೆ ಸಮುದ್ರ.
ಪ್ರಜೆಗಳು ನಾನು ಮತ್ತು ಒಂದು ಮುದಿ ಬೆಕ್ಕು.
ಬರಗಾಲವಿಲ್ಲ, ಮೊಣಕಾಲು ನೋವಿದೆ.
ದಯವಿಟ್ಟು ಒಂದು ಬಾವಿ ತೋಡಿಸಿ ಕೊಡಿ."

ನಕ್ಕೆ. ಪಕ್ಕದ ಮೇಜಿನ ಡೂಗಲ್‌ಗೂ ಓದಿ ನಗಿಸಿದೆ.
ಹಾಳೆ ಮಗುಚಿದರೆ ಹಿಂದೆ, ಪೆನ್ಸಿಲಿನಲ್ಲಿ:
"ನನ್ನ ಗಂಡನ ಅಳತೆಯ ಸರಪಳಿ ಹಿಡಿಯಲು
ಒಬ್ಬನಿದ್ದ, ಜುಬೇರಿ ಮಪುಂಡಾ. ಹದಿನೆಂಟು ವರ್ಷ.
ಇವರು ನಕ್ಷೆ ಬರೆದರು, ಅವನು ನಡೆದ.
ಅವನದೂ ಒಂದು ಕಡತ ನಿಮ್ಮಲ್ಲಿ ಇದ್ದೀತೆ?"

ಹುಡುಕಿದೆ. ಇರಲಿಲ್ಲ.
ಕಡತ ಲಂಡನ್ನಿನ ನೇಮಕಕ್ಕಷ್ಟೇ.
ಹಾಗಂತ ಉತ್ತರಿಸಿದೆ, ಸಭ್ಯವಾಗಿ, ನಿಯಮದ ಸಂಖ್ಯೆ ಸಹಿತ.

ಜೂನ್‌ನಲ್ಲಿ ಸೊಂಗೆಯಾದಿಂದ ಒಂದು ಲಕೋಟೆ ಬಂತು.
ಶಾಲೆಯ ನೋಟುಬುಕ್ಕಿನ ಹಾಳೆಯಲ್ಲಿ
ಗೆರೆಗೆ ಗೆರೆ, ಪೆಟ್ಟಿಗೆಗೆ ಪೆಟ್ಟಿಗೆ,
ನನ್ನದೇ ಫಾರಂ, ಕೈಯಲ್ಲಿ ನಕಲಿಳಿಸಿದ್ದು.
ಮಾದರಿ ಕಳಿಸಿದವರು ಯಾರೆಂದು ಊಹಿಸಬಲ್ಲೆ.
ಹೆಸರು: ಜುಬೇರಿ ಮಪುಂಡಾ.
ಬದುಕಿದ್ದೇನೆ.
ಸಾಕ್ಷಿಗೆ ಪೋಸ್ಟ್ ಮಾಸ್ತರರ ಸಹಿ,
ಪಕ್ಕದಲ್ಲಿ ನೇರಳೆ ಹೆಬ್ಬೆಟ್ಟು,
ಬೆಟ್ಟದ ನಕ್ಷೆಯ ಸುತ್ತುಗೆರೆಗಳ ಹಾಗೆ.
ಹಣ ಕೇಳಿರಲಿಲ್ಲ.

ಬೆಕ್ಸ್‌ಹಿಲ್‌ನ ಫಾರಂ ಈ ವರ್ಷ ಬಂದಿಲ್ಲ.
ಎರಡು ಸಲ ನೆನಪೋಲೆ ಹಾಕಿದೆ.

ಐದೂವರೆ. ದೀಪ ಆರಿಸುವವನು ಬಾಗಿಲಲ್ಲಿ ಕೆಮ್ಮುತ್ತಾನೆ.
ಸೊಂಗೆಯಾದ ಹಾಳೆ ಮೇಜಿನ ಮೇಲೇ ಇದೆ.
ತಲುಪಿದೆ ಎಂದು ಮುದ್ರೆ ಒತ್ತಿದ್ದೇನೆ.
ಕಡತ ಸಂಖ್ಯೆಯ ಜಾಗ ಖಾಲಿ.